ಅವಲೋಕನ ನಮೂನೆಯಲ್ಲಿ ಇಲ್ಲದ ಕಾಲಂ: ಪ್ರಶಿಕ್ಷಣಾರ್ಥಿಗಳು ನೋಡಲೇಬೇಕಾದ ಕೆಲವು ಪರಭಾಷಾ ಚಿತ್ರಗಳು

ಬೋಧನಾಭ್ಯಾಸದ ಅವಧಿಯಲ್ಲಿ ನಾವೆಲ್ಲರೂ ತುಂಬುವ ಪಾಠ ಅವಲೋಕನ ನಮೂನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಪುನರ್ಬಲನ, ತರಗತಿ ನಿರ್ವಹಣೆ, ಗೃಹಕಾರ್ಯ. ಪ್ರತಿಯೊಂದಕ್ಕೂ ಒಂದು ಕಾಲಂ, ಪ್ರತಿ ಕಾಲಂಗೂ ಅಂಕ. ನಲವತ್ತು ನಿಮಿಷದ ಅವಧಿಯಲ್ಲಿ ಶಿಕ್ಷಕಿ ಏನು ಮಾಡಿದಳು ಎಂಬುದು ಅದರಲ್ಲಿ ಚೆನ್ನಾಗಿಯೇ ದಾಖಲಾಗುತ್ತದೆ. ಆದರೆ ಗೃಹಕಾರ್ಯ ಎಂದು ಹಲಗೆಯ ಮೂಲೆಯಲ್ಲಿ ಬರೆದ ಎರಡು ಲೆಕ್ಕಗಳು ಮಗುವಿನ ಜೊತೆ ಮನೆಗೆ ಹೋದ ಮೇಲೆ ಅವುಗಳ ಗತಿ ಏನಾಯಿತು, ನೆನ್ನೆ ಬಂದ ಹುಡುಗ ಇವತ್ತು ಏಕೆ ಬರಲಿಲ್ಲ, ಬಂದವನ ಕಾಲಲ್ಲಿ ಚಪ್ಪಲಿ ಇದೆಯೇ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ನಲವತ್ತು ನಿಮಿಷದ ಅವಲೋಕನದಲ್ಲಿ ಅದು ಇರಲು ಸಾಧ್ಯವೂ ಇಲ್ಲ.

ಆ ಕಾಲಂ ತುಂಬಿಕೊಳ್ಳಲು ನನಗೆ ಸಿಕ್ಕ ದಾರಿಗಳಲ್ಲಿ ಒಂದು ಸಿನಿಮಾ. ಇರಾನ್, ಚೀನಾ, ಫ್ರಾನ್ಸ್, ಭೂತಾನ್ ದೇಶಗಳ ಕೆಲವು ಚಿತ್ರಗಳು ಶಾಲೆಯನ್ನು, ಅದರಲ್ಲೂ ಶಾಲೆಯ ಗಂಟೆ ಬಾರಿಸುವ ಮೊದಲು ಮತ್ತು ಆಮೇಲಿನ ಮಗುವನ್ನು, ಯಾವ ಪಠ್ಯಪುಸ್ತಕವೂ ತೋರಿಸದಷ್ಟು ಹತ್ತಿರದಿಂದ ತೋರಿಸುತ್ತವೆ. ಹಾಗಾಗಿ ಇಲ್ಲಿ ಕೊಡುತ್ತಿರುವುದು ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಶಾಲೆಗಳಲ್ಲಿ ಪಾಠ ಮಾಡುವ, ಮಾಡಲಿರುವ ನಮ್ಮಂಥವರಿಗೆ ಉಪಯೋಗಕ್ಕೆ ಬರುವ ಚಿತ್ರಗಳು ಯಾವುವು, ಅವುಗಳನ್ನು ಹೇಗೆ ನೋಡಬೇಕು, ಮಕ್ಕಳಿಗೆ ಹೇಗೆ ತೋರಿಸಬಹುದು ಎಂಬುದಷ್ಟೇ ವಿಷಯ.

ಪರಭಾಷೆ ಎಂದ ಕೂಡಲೇ ಹಿಂಜರಿಯುವವರಿಗೆ ಒಂದು ಮಾತು. ಪರಭಾಷೆ ನಮಗೆ ಹೊಸದೇನಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಗುರುತಿಸಿದ ಮೇಲೆ, ಲಿಪಿ ಬಲ್ಲವರು ಓದಿ ಹೇಳಿದ್ದರಿಂದ, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಯಾರಾದರೂ ಓದಿ ಹೇಳಿದರೆ ದೂರದ ಮಾತೂ ನಮ್ಮದಾಗುತ್ತದೆ. ಇನ್ನು ಇಂದಿನ ತರಗತಿಗೆ ಬಂದರೆ, ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ತೆಲುಗು, ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಊರೊಳಗೆ ಉರ್ದು. ಒಂದೇ ಬೆಂಚಿನ ಮೇಲೆ ಮೂರು ಮನೆಮಾತು ಕೂತಿರುತ್ತವೆ. ಎದುರಿನವರ ಮುಖ ನೋಡಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಿಗೆ ನಮಗಿಂತ ಹೆಚ್ಚಿದೆ.

ಮೊದಲು ನೋಡಬೇಕಾದ ಚಿತ್ರ ಇರಾನಿನ ಅಬ್ಬಾಸ್ ಕಿಯಾರೊಸ್ತಾಮಿ 1987ರಲ್ಲಿ ಮಾಡಿದ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’. ಗೆಳೆಯನ ಮನೆ ಎಲ್ಲಿ ಎಂದು ಅರ್ಥ. ಭಾಷೆ ಪಾರ್ಸಿ. ಕೊಕೆರ್ ಎಂಬ ಹಳ್ಳಿಯ ಶಾಲೆ. ಒಬ್ಬ ಹುಡುಗ ಮನೆಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆದು ತಂದಿದ್ದಾನೆ. ಮೇಷ್ಟ್ರು ಹಾಳೆ ಹರಿಯುತ್ತಾರೆ. ಇನ್ನೊಂದು ಸಲ ಹೀಗಾದರೆ ಶಾಲೆಯಿಂದ ಹೊರಗೆ ಎನ್ನುತ್ತಾರೆ. ಹುಡುಗ ಅಳುತ್ತಾನೆ. ಅವನ ಪಕ್ಕ ಕೂತ ಅಹ್ಮದ್ ಮನೆಗೆ ಹೋಗಿ ಚೀಲ ತೆಗೆದರೆ ಗೆಳೆಯನ ನೋಟ್‌ಬುಕ್ ತನ್ನ ಬಳಿಯೇ ಬಂದುಬಿಟ್ಟಿದೆ. ಎರಡೂ ಒಂದೇ ತರಹದ ಪುಸ್ತಕ. ಅದನ್ನು ಹಿಂದಿರುಗಿಸಲು ಅಹ್ಮದ್ ಬೆಟ್ಟದ ಆಚೆಯ ಪೋಷ್ತೆ ಎಂಬ ಊರಿಗೆ ಓಡುತ್ತಾನೆ. ಕಥೆ ಇಷ್ಟೇ. ಇಷ್ಟರಲ್ಲೇ ಸುಮಾರು 83 ನಿಮಿಷ ನಾವು ಕುರ್ಚಿಯ ತುದಿಯಲ್ಲಿ ಕೂರುತ್ತೇವೆ.

ಶಿಕ್ಷಕರಾಗುವವರು ಇದರಲ್ಲಿ ಗಮನಿಸಬೇಕಾದದ್ದು ದೊಡ್ಡವರನ್ನು. ಈ ಚಿತ್ರದಲ್ಲಿ ಕೆಟ್ಟವರು ಯಾರೂ ಇಲ್ಲ. ಮೇಷ್ಟ್ರು ಹೇಳುವುದರಲ್ಲಿ ತರ್ಕವಿದೆ: ಪುಸ್ತಕದಲ್ಲಿ ಬರೆದರೆ ಹಿಂದಿನ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬಹುದು. ನಾವೂ ನಿರಂತರ ಮೌಲ್ಯಮಾಪನದ ಹೆಸರಿನಲ್ಲಿ ಅದನ್ನೇ ಹೇಳುತ್ತೇವೆ. ತಾಯಿ ಕೂಸನ್ನು ನೋಡಿಕೊಳ್ಳುತ್ತ, ಬಟ್ಟೆ ಒಗೆಯುತ್ತ, ಮಗ ಹೇಳುವುದನ್ನು ಕೇಳಿಸಿಕೊಳ್ಳದೆ ‘ಮೊದಲು ಮನೆಪಾಠ ಮಾಡು’ ಎಂದು ಮತ್ತೆ ಮತ್ತೆ ಹೇಳುತ್ತಾಳೆ. ಅಜ್ಜ, ತನ್ನ ಹತ್ತಿರ ಸಿಗರೇಟು ಇದ್ದರೂ, ಶಿಸ್ತು ಕಲಿಸಬೇಕೆಂದೇ ಮೊಮ್ಮಗನನ್ನು ಸಿಗರೇಟು ತರಲು ಕಳಿಸುತ್ತಾನೆ. ತನ್ನಪ್ಪ ವಾರಕ್ಕೊಮ್ಮೆ ಕಾಸು, ಹದಿನೈದು ದಿನಕ್ಕೊಮ್ಮೆ ಪೆಟ್ಟು ಕೊಡುತ್ತಿದ್ದ, ಕಾಸು ಮರೆತರೂ ಪೆಟ್ಟು ಮರೆಯುತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಎಲ್ಲರೂ ಮಗುವಿನ ಒಳ್ಳೆಯದಕ್ಕೇ ಮಾತಾಡುತ್ತಿದ್ದಾರೆ, ಮಗುವಿನ ಮಾತನ್ನು ಮಾತ್ರ ಯಾರೂ ಪೂರ್ತಿ ಕೇಳುವುದಿಲ್ಲ.

ಈ ಚಿತ್ರವನ್ನು ನಾನು ಮಸ್ಕಿ ಕಡೆಯ ಒಂದು ಪ್ರೌಢಶಾಲೆಯ ಎಂಟನೇ ತರಗತಿಗೆ ತೋರಿಸಿದೆ. ಅಡಿಬರಹ ಇಂಗ್ಲಿಷಿನಲ್ಲಿ. ಅದನ್ನು ಓದುವ ವೇಗ ಆ ಮಕ್ಕಳಿಗೆ ಇರಲಿಲ್ಲ. ಅದಕ್ಕೆ ಮೊದಲೇ ಹಲಗೆಯ ಮೇಲೆ ನಾಲ್ಕು ಸಾಲು ಬರೆದಿದ್ದೆ: ಹುಡುಗರ ಹೆಸರು, ಊರುಗಳ ಹೆಸರು, ಯಾರು ಯಾರ ಪಕ್ಕ ಕೂರುತ್ತಾರೆ, ಮೇಷ್ಟ್ರ ನಿಯಮ ಏನು. ಮೊದಲ ಹದಿನೈದು ನಿಮಿಷ ಅಡಿಬರಹವನ್ನು ನಮ್ಮ ಭಾಗದ ಕನ್ನಡದಲ್ಲೇ ಜೋರಾಗಿ ಹೇಳುತ್ತ ಹೋದೆ. ಅಹ್ಮದ್ ತಾಯಿಯ ಹಿಂದೆ ಮುಂದೆ ಸುತ್ತುವ ದೃಶ್ಯ ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಮೇಡಂ, ನೀವು ಹೇಳಬ್ಯಾಡ್ರಿ, ತಿಳಿಯಾಕತ್ತೈತಿ. ಅವ ಹೇಳಾಕತ್ತಾನ, ಅವರವ್ವ ಕೇಳಸ್ಕೊಳ್ಳವಲ್ಲಳು” ಎಂದಳು. ಅಲ್ಲಿಂದ ಮುಂದೆ ತೀರಾ ಬೇಕಾದಾಗ ಮಾತ್ರ ಬಾಯಿ ತೆರೆದೆ. ಅವನು ಅಂಕುಡೊಂಕು ದಾರಿಯಲ್ಲಿ ಎರಡನೇ ಸಲ ಗುಡ್ಡ ಹತ್ತುವಾಗ ಹಿಂದಿನ ಬೆಂಚಿನಿಂದ “ಓಡಲೇ” ಎಂಬ ಕೂಗು ಬಂತು.

ಚಿತ್ರದ ಕೊನೆ ಗೊತ್ತಿದ್ದರೂ ಚಿತ್ರ ಕೆಡುವುದಿಲ್ಲವಾದ್ದರಿಂದ ಹೇಳುತ್ತೇನೆ. ಗೆಳೆಯನ ಮನೆ ಸಿಗುವುದಿಲ್ಲ. ರಾತ್ರಿ ಕೂತು ಅಹ್ಮದ್ ಗೆಳೆಯನ ಪುಸ್ತಕದಲ್ಲಿ ಅವನ ಮನೆಪಾಠವನ್ನೂ ತಾನೇ ಬರೆಯುತ್ತಾನೆ. ಮರುದಿನ ಮೇಷ್ಟ್ರು ನೋಡಿ ಸರಿ ಎಂದು ಗುರುತು ಹಾಕುತ್ತಾರೆ. ನಮ್ಮ ತರಗತಿ ಇಲ್ಲಿ ಎರಡಾಯಿತು. ಅದು ಕಾಪಿ ಅಲ್ಲವೇ ಎಂದು ಒಂದು ಗುಂಪು. ಮೇಷ್ಟ್ರು ಹೊರಗೆ ಹಾಕುತ್ತಿದ್ದರಲ್ಲ, ಇನ್ನೇನು ಮಾಡಬೇಕಿತ್ತು ಎಂದು ಇನ್ನೊಂದು. ನೈತಿಕ ಶಿಕ್ಷಣದ ಪಾಠದಲ್ಲಿ ಇಂಥ ವಾದ ಹುಟ್ಟಿಸಲು ನಾವು ಎಷ್ಟು ತಿಣುಕುತ್ತೇವೆ! ನಾನು ತೀರ್ಪು ಹೇಳಲಿಲ್ಲ. ನೀವು ಯಾರ ಪುಸ್ತಕ ಹಿಡಿದು ಓಡುತ್ತಿದ್ದಿರಿ ಎಂದು ಐದು ಸಾಲು ಬರೆಯಲು ಹೇಳಿದೆ. ಬಹಳ ಮಕ್ಕಳು ಪಕ್ಕದವರ ಹೆಸರು ಬರೆದರು. ಒಬ್ಬ ಹುಡುಗ ಮಾತ್ರ, ತನ್ನ ಗೆಳೆಯ ಅಪ್ಪ ಅವ್ವನ ಸಂಗಡ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ, ಅವನ ಪುಸ್ತಕ ತನ್ನ ಮನೆಯ ಮಾಡದಲ್ಲಿದೆ, ಬೆಂಗಳೂರಿಗೆ ಹೇಗೆ ಓಡುವುದು ಎಂದು ಬರೆದಿದ್ದ.

ಗುಳೆ ನಮ್ಮ ಜಿಲ್ಲೆಗೆ ಹಳೆಯ ಮಾತು. ಎಡದಂಡೆ ಕಾಲುವೆಯ ನೀರು ಇರುವ ಸಿಂಧನೂರಿನ ಕಡೆ ಭತ್ತದ ನಾಟಿ, ಕೊಯ್ಲಿನ ಕೆಲಸ ಸಿಗುತ್ತದೆ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರಿನ ಊರುಗಳಿಂದ ಮನೆಮಂದಿಯೆಲ್ಲ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಊರಲ್ಲೇ ಉಳಿದ ಮಕ್ಕಳನ್ನು ಹತ್ತಿ ಬಿಡಿಸುವ ದಿನಗಳು ಎಳೆದುಕೊಳ್ಳುತ್ತವೆ. ಹಾಜರಿ ಪುಸ್ತಕದಲ್ಲಿ ಇದೆಲ್ಲ ‘ಗೈ’ ಎಂಬ ಒಂದೇ ಅಕ್ಷರ. ಆ ಅಕ್ಷರದ ಹಿಂದೆ ಏನಿದೆ ಎಂದು ತೋರಿಸುವ ಚಿತ್ರವೊಂದಿದೆ. ಈ ಲೇಖನದಲ್ಲಿ ಒಂದೇ ಒಂದು ಚಿತ್ರ ಶಿಫಾರಸು ಮಾಡು ಎಂದರೆ ನಾನು ಹೇಳುವುದು ಅದನ್ನೇ.

ಚೀನಾದ ಜಾಂಗ್ ಯಿಮೌ ನಿರ್ದೇಶಿಸಿದ ‘ನಾಟ್ ಒನ್ ಲೆಸ್’, ಎಂದರೆ ‘ಒಬ್ಬರೂ ಕಡಿಮೆಯಾಗಬಾರದು’. 1999ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಪಡೆಯಿತು. ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಗಾವೊ ಮೇಷ್ಟ್ರು ತಾಯಿಗೆ ಹುಷಾರಿಲ್ಲವೆಂದು ಒಂದು ತಿಂಗಳು ರಜೆ ಹೋಗಬೇಕು. ಬದಲಿಗೆ ಬಂದವಳು ಹದಿಮೂರು ವರ್ಷದ ವೇ ಮಿನ್‌ಜಿ. ಅವಳಿಗೆ ಬರುವುದು ಒಂದು ಹಾಡು, ಅದೂ ಅರ್ಧಂಬರ್ಧ. ಮೇಷ್ಟ್ರು ದಿನಕ್ಕೊಂದರಂತೆ ಸೀಮೆಸುಣ್ಣ ಎಣಿಸಿ ಕೊಡುತ್ತಾರೆ. ಮಕ್ಕಳು ಒಬ್ಬೊಬ್ಬರೇ ಶಾಲೆ ಬಿಡುತ್ತಿದ್ದಾರೆ, ತಾನು ಬರುವಷ್ಟರಲ್ಲಿ ಒಬ್ಬರೂ ಕಡಿಮೆಯಾಗದಿದ್ದರೆ ಹತ್ತು ಯುವಾನ್ ಹೆಚ್ಚು ಕೊಡುತ್ತೇನೆ ಎನ್ನುತ್ತಾರೆ. ಅವಳು ದುಡ್ಡಿಗಾಗಿ ಬಂದವಳು. ಪಾಠವನ್ನು ಹಲಗೆಯ ಮೇಲೆ ಬರೆದು, ನಕಲು ಮಾಡಿರಿ ಎಂದು ಹೇಳಿ, ಯಾರೂ ಓಡಿಹೋಗದಂತೆ ಬಾಗಿಲಲ್ಲಿ ಕೂರುತ್ತಾಳೆ. ಅವಲೋಕನ ನಮೂನೆ ಹಿಡಿದು ಕೂತರೆ ಸೊನ್ನೆ ಕೊಡಬೇಕಾದ ಪಾಠ.

ಆಮೇಲೆ ತರಗತಿಯ ತುಂಟ, ಹತ್ತು ವರ್ಷದ ಜಾಂಗ್ ಹುಯ್‌ಕೆ, ಮನೆಯ ಸಾಲ ತೀರಿಸಲು ನಗರಕ್ಕೆ ದುಡಿಯಲು ಹೋಗಿಬಿಡುತ್ತಾನೆ. ವೇ ಮಿನ್‌ಜಿ ಅವನನ್ನು ಕರೆತರಲು ಹೊರಡಬೇಕು. ಬಸ್ಸಿಗೆ ದುಡ್ಡಿಲ್ಲ. ಇಲ್ಲಿಂದ ಶುರುವಾಗುವ ಇಪ್ಪತ್ತು ನಿಮಿಷವನ್ನು ಗಣಿತ ಬೋಧನಾ ವಿಧಾನದ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಎರಡು ಸಲ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಇಟ್ಟಿಗೆ ಹೊತ್ತರೆ ದುಡ್ಡು ಸಿಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಒಂದು ಇಟ್ಟಿಗೆಗೆ ಇಷ್ಟು, ಟಿಕೆಟ್ಟಿಗೆ ಅಷ್ಟು, ಹೋಗುವಾಗ ಒಬ್ಬಳು, ಬರುವಾಗ ಇಬ್ಬರು. ಹಾಗಾದರೆ ಎಷ್ಟು ಇಟ್ಟಿಗೆ? ಮಕ್ಕಳು ಹೊರುತ್ತಾರೆ. ನಿಲ್ದಾಣಕ್ಕೆ ಹೋಗಿ ಕೇಳಿದರೆ ಟಿಕೆಟ್ಟಿನ ದರ ಅಂದಾಜಿಗಿಂತ ಎಷ್ಟೋ ಹೆಚ್ಚು. ಮತ್ತೆ ಹಲಗೆಯ ಮುಂದೆ. ಈಗ ಎಷ್ಟು ಇಟ್ಟಿಗೆ, ಎಷ್ಟು ಗಂಟೆ? ಒಂದು ಮಗು ಎದ್ದು ಬಂದು ಬಿಡಿಸುತ್ತದೆ, ಇನ್ನೊಂದು ತಿದ್ದುತ್ತದೆ. ಕಿಟಕಿಯಿಂದ ಇಣುಕಿದ ಊರ ಮುಖಂಡನಿಗೆ ಆಶ್ಚರ್ಯ: ಈ ಹುಡುಗಿಗೆ ಗಣಿತ ಕಲಿಸಲೂ ಬರುತ್ತದೆಯೇ!

ರಚನಾವಾದದ ಪಾಠ ಯೋಜನೆಯಲ್ಲಿ ನಾವು ತೊಡಗಿಸುವಿಕೆ, ಅನ್ವೇಷಣೆ ಎಂದು ಬರೆದು, ಅದಕ್ಕೆ ಒಂದು ಚಟುವಟಿಕೆ ಹೊಂದಿಸಲು ರಾತ್ರಿಯೆಲ್ಲ ಥರ್ಮೋಕೋಲ್ ಕತ್ತರಿಸುತ್ತೇವೆ. ಏಕಾಂಶ ಪದ್ಧತಿಯ ಪಾಠಕ್ಕೆ ‘ಒಂದು ಡಜನ್ ಪೆನ್ನಿನ ಬೆಲೆ 60 ರೂಪಾಯಿ’ ಎಂದು ಶುರು ಮಾಡುತ್ತೇವೆ. ಆ ಪೆನ್ನು ಯಾರಿಗೂ ಬೇಕಿರುವುದಿಲ್ಲ. ಈ ಚಿತ್ರದಲ್ಲಿ ಲೆಕ್ಕದ ಉತ್ತರ ತಪ್ಪಾದರೆ ಹುಡುಗ ನಗರದಲ್ಲೇ ಉಳಿಯುತ್ತಾನೆ. ನಾನು ಈ ಭಾಗವನ್ನು ನೋಡಿದ ಮೇಲೆ ಅನುಪಾತದ ಪಾಠಕ್ಕೆ ಹತ್ತಿ ಬಿಡಿಸುವ ಕೂಲಿಯನ್ನೇ ಉದಾಹರಣೆ ಮಾಡಿಕೊಂಡೆ: ಕಿಲೋಗೆ ಇಷ್ಟು ಕೂಲಿ, ದೊಡ್ಡವರು ದಿನಕ್ಕೆ ಇಷ್ಟು ಬಿಡಿಸುತ್ತಾರೆ, ಮಕ್ಕಳು ಇಷ್ಟು. ದರ ಎಷ್ಟು ಎಂದು ಹೇಳಿದವರು ಮಕ್ಕಳೇ. ಪಾಠದಲ್ಲಿ ಬಾಯಿ ಬಿಡದ ಇಬ್ಬರು ಹುಡುಗಿಯರು ತೂಕದಲ್ಲಿ ಹೇಗೆ ಮೋಸವಾಗುತ್ತದೆ ಎಂದು ವಿವರಿಸಿದರು. ಶೇಕಡಾವಾರು ನಷ್ಟ ಅಲ್ಲಿಯೇ ಪಾಠಕ್ಕೆ ಬಂತು.

ಆ ಚಿತ್ರದ ಬಗ್ಗೆ ತಕರಾರೂ ಇದೆ. ಕೊನೆಯಲ್ಲಿ ಟಿ.ವಿ. ಕೇಂದ್ರದ ವ್ಯವಸ್ಥಾಪಕರು ನೆರವಾಗುತ್ತಾರೆ, ವೇ ಮಿನ್‌ಜಿ ಪರದೆಯ ಮೇಲೆ ಅಳುತ್ತಾಳೆ, ಹುಡುಗ ಸಿಗುತ್ತಾನೆ, ದಾನಿಗಳ ಸಾಮಾನು ತುಂಬಿಕೊಂಡು ಎಲ್ಲರೂ ಊರಿಗೆ ಬರುತ್ತಾರೆ. ಅಷ್ಟು ಸುಲಭವಾಗಿ ಮುಗಿಯುವ ಕಷ್ಟ ಅದಲ್ಲ. ಆದರೂ ಬಣ್ಣದ ಸೀಮೆಸುಣ್ಣ ಬಂದ ಮೇಲೆ ಮಕ್ಕಳು ಒಬ್ಬೊಬ್ಬರೂ ಒಂದೊಂದೇ ಅಕ್ಷರ ಬರೆಯುವ ದೃಶ್ಯ ನೋಡುವಾಗ, ದಿನಕ್ಕೊಂದು ಎಂದು ಎಣಿಸಿ ಕೊಟ್ಟ ಆ ಬಿಳಿ ತುಂಡುಗಳು ನೆನಪಾಗದೆ ಇರುವುದಿಲ್ಲ. ಇದರಲ್ಲಿ ನಟಿಸಿದವರು ಕಸುಬಿನ ನಟರಲ್ಲ. ವೇ ಮಿನ್‌ಜಿ, ಜಾಂಗ್ ಹುಯ್‌ಕೆ ಎಂಬವು ಆ ಮಕ್ಕಳ ನಿಜವಾದ ಹೆಸರುಗಳೇ.

ಕಿಯಾರೊಸ್ತಾಮಿಯ ಇನ್ನೊಂದು ಚಿತ್ರವನ್ನು ಮಕ್ಕಳಿಗೆ ತೋರಿಸದಿದ್ದರೂ ನಾವು ನೋಡಬೇಕು. 1989ರ ‘ಹೋಮ್‌ವರ್ಕ್’. ಇದು ಸಾಕ್ಷ್ಯಚಿತ್ರ. ಟೆಹರಾನಿನ ಒಂದು ಶಾಲೆಯ ಚಿಕ್ಕ ಹುಡುಗರನ್ನು ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ನಿಲ್ಲಿಸಿ, ಮನೆಪಾಠ ಏಕೆ ಮಾಡಲಿಲ್ಲ, ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ ಎಂದು ಕೇಳುತ್ತಾರೆ. ಶಿಕ್ಷೆ ಎಂದರೇನು ಎಂದರೆ ಹುಡುಗರಿಗೆ ತಕ್ಷಣ ಉತ್ತರ ಗೊತ್ತು, ಬೆಲ್ಟಿನ ಪೆಟ್ಟು. ಪ್ರೋತ್ಸಾಹ ಎಂದರೇನು ಎಂದರೆ ಅನೇಕರಿಗೆ ಆ ಪದವೇ ಗೊತ್ತಿಲ್ಲ. ಕಾರ್ಟೂನ್ ಇಷ್ಟವೋ ಮನೆಪಾಠ ಇಷ್ಟವೋ ಎಂದರೆ ಮನೆಪಾಠ ಎಂದು ಹೇಳುತ್ತಾರೆ, ಮುಖ ಬೇರೆಯೇ ಹೇಳುತ್ತಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಪುನರ್ಬಲನ ಕೌಶಲಕ್ಕೆ ‘ಶಭಾಷ್, ಗುಡ್’ ಎಂದು ಹೇಳಿ ಅಂಕ ಪಡೆಯುತ್ತೇವೆ. ಈ ಸಾಕ್ಷ್ಯಚಿತ್ರ ನೋಡಿದ ಮೇಲೆ ಆ ಎರಡು ವಿಷಯಗಳು ಒಂದೇ ಎಂದು ನನಗೆ ತೋರಿತು.

ಇವೆಲ್ಲ ನೋವಿನ ಚಿತ್ರಗಳಾದವು. ಚೆನ್ನಾಗಿ ಪಾಠ ಮಾಡುವವರನ್ನೂ ನೋಡಬೇಕಲ್ಲ! ಅದಕ್ಕೆ ಫ್ರೆಂಚ್ ಸಾಕ್ಷ್ಯಚಿತ್ರ ‘ಟು ಬಿ ಆ್ಯಂಡ್ ಟು ಹ್ಯಾವ್’ ಇದೆ. ನಿಕೊಲಾ ಫಿಲಿಬೆರ್ ನಿರ್ದೇಶನ, 2002. ಓವರ್ನ್ಯ ಪ್ರಾಂತದ ಒಂದು ಹಳ್ಳಿ, ಒಂದೇ ಕೋಣೆ, ನಾಲ್ಕರಿಂದ ಹತ್ತು ಹನ್ನೊಂದು ವರ್ಷದವರೆಗಿನ ಹದಿಮೂರು ಮಕ್ಕಳು, ನಿವೃತ್ತಿಗೆ ಹತ್ತಿರವಾದ ಒಬ್ಬರೇ ಮೇಷ್ಟ್ರು ಜಾರ್ಜ್ ಲೊಪೆಜ್. ಬಹುವರ್ಗ ಬೋಧನೆ ಎಂದರೆ ನಮ್ಮಲ್ಲಿ ಅದು ಶಿಕ್ಷಕರ ಕೊರತೆಯ ಇನ್ನೊಂದು ಹೆಸರು. ಇಲ್ಲಿ ಅದು ಒಂದು ಕ್ರಮವಾಗಿ ಕಾಣುತ್ತದೆ. ಒಂದು ಗುಂಪು ಬರೆಯುತ್ತಿರುವಾಗ ಇನ್ನೊಂದರ ಜೊತೆ ಮಾತು, ದನಿ ಎಂದೂ ಏರುವುದಿಲ್ಲ. ನಲಿ-ಕಲಿ ತರಗತಿಯಲ್ಲಿ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತಾಗುತ್ತದೆ.

ಅದರಲ್ಲಿ ಜೋಜೊ ಎಂಬ ಪುಟ್ಟ ಹುಡುಗನ ಜೊತೆ ಲೊಪೆಜ್ ಸಂಖ್ಯೆಗಳ ಬಗ್ಗೆ ಮಾತಾಡುವ ಭಾಗವಿದೆ. ಎಲ್ಲಿಯವರೆಗೆ ಎಣಿಸಬಹುದು? ನೂರು. ಅದಕ್ಕಿಂತ ದೊಡ್ಡದಿಲ್ಲವೇ? ಸಾವಿರ. ಅದಕ್ಕಿಂತ? ಅನಂತದ ಕಲ್ಪನೆಯನ್ನು ಅವರು ಹೇಳುವುದೇ ಇಲ್ಲ, ‘ಅದಕ್ಕಿಂತ?’ ಎಂದು ಕೇಳುತ್ತಲೇ ಇರುತ್ತಾರೆ. ಶೋಧಕ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಪಾಠವನ್ನು ನಾನು ನೋಡಿಲ್ಲ. ಇನ್ನೊಂದು ದೃಶ್ಯದಲ್ಲಿ ಜೂಲಿಯೆನ್ ಎಂಬ ದೊಡ್ಡ ಹುಡುಗ ಮನೆಯಲ್ಲಿ ಗುಣಾಕಾರದ ಲೆಕ್ಕ ಮಾಡುತ್ತಾನೆ. ತಾಯಿ, ತಂದೆ, ಮನೆಯವರೆಲ್ಲ ಬಂದು ಸುತ್ತ ನಿಲ್ಲುತ್ತಾರೆ. ಯಾರಿಗೂ ಉತ್ತರ ಹೊಂದುವುದಿಲ್ಲ. ಹಲಗೆಯ ಮೂಲೆಯಲ್ಲಿ ಬರೆದ ಎರಡು ಲೆಕ್ಕ ಒಂದು ರೈತ ಕುಟುಂಬದ ಅಡುಗೆಮನೆಯಲ್ಲಿ ಏನಾಗುತ್ತದೆ ಎಂಬುದು ಅಲ್ಲಿದೆ.

ಲೊರಾಂ ಕಾಂತೆಯ ‘ದ ಕ್ಲಾಸ್’ ಇದಕ್ಕೆ ತದ್ವಿರುದ್ಧ. 2008ರಲ್ಲಿ ಕಾನ್ ಚಿತ್ರೋತ್ಸವದ ಪಾಮ್ ದೋರ್ ಪಡೆದ ಚಿತ್ರ. ಪ್ಯಾರಿಸ್ಸಿನ ಒಂದು ಶಾಲೆ, ಹದಿಮೂರು ಹದಿನಾಲ್ಕರ ಮಕ್ಕಳು, ಅನೇಕರು ಬೇರೆ ದೇಶಗಳಿಂದ ಬಂದ ಕುಟುಂಬದವರು. ಮೇಷ್ಟ್ರ ಪಾತ್ರ ಮಾಡಿದ ಫ್ರಾನ್ಸುವಾ ಬೆಗೋದೊ ಸ್ವತಃ ಶಿಕ್ಷಕರಾಗಿದ್ದವರು, ಮೂಲ ಪುಸ್ತಕವೂ ಅವರದೇ. ಇದು ಮಕ್ಕಳಿಗಲ್ಲ, ನಮಗೆ. ಉದಾಹರಣೆ ವಾಕ್ಯಗಳಲ್ಲಿ ಯಾವಾಗಲೂ ಬಿಲ್ ಎಂಬ ಹೆಸರೇ ಏಕೆ, ನಮ್ಮ ಹೆಸರು ಏಕಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಯಾರೂ ಆಡದ ವ್ಯಾಕರಣ ರೂಪವನ್ನು ಏಕೆ ಕಲಿಯಬೇಕು ಎಂದು ಕೇಳುತ್ತಾರೆ. ‘ಹೋಗಾಕತ್ತೀನಿ’ ಎಂದ ಮಗುವನ್ನು ‘ಹೋಗುತ್ತಿದ್ದೇನೆ’ ಎಂದು ತಿದ್ದುವ ನಮಗೆ ಈ ಪ್ರಶ್ನೆಗಳು ಮೈಗೆ ತಾಗುತ್ತವೆ.

ಚಿತ್ರದ ಕೇಂದ್ರದಲ್ಲಿ ಸುಲೇಮಾನ್ ಎಂಬ ಮಾಲಿ ಮೂಲದ ಹುಡುಗನಿದ್ದಾನೆ. ಮೇಷ್ಟ್ರು ಸಿಟ್ಟಿನಲ್ಲಿ ಆಡಿದ ಒಂದು ಬಿರುನುಡಿಯಿಂದ ಗಲಾಟೆಯಾಗಿ, ಅದರ ಫಲವನ್ನು ಅನುಭವಿಸುವವನು ಅವನು. ಶಿಸ್ತು ಸಮಿತಿಯ ಮುಂದೆ ಅವನ ತಾಯಿ ಬರುತ್ತಾಳೆ. ಅವಳಿಗೆ ಫ್ರೆಂಚ್ ಬಾರದು. ತನ್ನ ಮೇಲಿನ ಆರೋಪವನ್ನೂ ತಾಯಿಯ ಉತ್ತರವನ್ನೂ ಹುಡುಗನೇ ಅನುವಾದ ಮಾಡಬೇಕು. ನಮ್ಮ ಪಾಲಕರ ಸಭೆಗಳಲ್ಲಿ ತಾಂಡಾದಿಂದಲೋ ಕ್ಯಾಂಪಿನಿಂದಲೋ ಬಂದ ತಾಯಿಯ ಪಕ್ಕ ನಿಂತು ಮಗಳೇ ಎರಡೂ ಕಡೆಯ ಮಾತು ದಾಟಿಸುವುದನ್ನು ನಾವು ನೋಡಿದ್ದೇವೆ. ಆ ಮಗಳು ಏನನ್ನು ದಾಟಿಸಿದಳು, ಏನನ್ನು ನುಂಗಿಕೊಂಡಳು ಎಂದು ಯೋಚಿಸಿದ್ದು ಕಡಿಮೆ. ವರ್ಷದ ಕೊನೆಗೆ ಒಬ್ಬಳು ಹುಡುಗಿ ಮೇಷ್ಟ್ರ ಹತ್ತಿರ ಬಂದು, ತಾನು ಏನೂ ಕಲಿಯಲಿಲ್ಲ ಎಂದು ಮೆಲ್ಲಗೆ ಹೇಳುತ್ತಾಳೆ. ಅದಕ್ಕೆ ಮೇಷ್ಟ್ರ ಬಳಿ ಉತ್ತರವಿಲ್ಲ.

ಭೂತಾನಿನ ‘ಲುನಾನಾ: ಎ ಯಾಕ್ ಇನ್ ದ ಕ್ಲಾಸ್‌ರೂಮ್’ (2019, ನಿರ್ದೇಶಕ ಪಾವೊ ಚೊಯ್ನಿಂಗ್ ದೋರ್ಜಿ) ನೋಡಲು ಎಲ್ಲಕ್ಕಿಂತ ಸುಲಭ, ಆಸ್ಕರ್ ನಾಮನಿರ್ದೇಶನವೂ ಆಗಿದೆ. ಆಸ್ಟ್ರೇಲಿಯಾಕ್ಕೆ ಹೋಗಿ ಗಾಯಕನಾಗಬೇಕೆಂಬ ತರುಣ ಶಿಕ್ಷಕ ಉಗ್ಯೆನ್‌ನನ್ನು ದಿನಗಟ್ಟಲೆ ನಡೆದು ತಲುಪಬೇಕಾದ ಲುನಾನಾ ಎಂಬ ಊರಿಗೆ ಹಾಕುತ್ತಾರೆ. ತರಗತಿಯಲ್ಲಿ ಹಲಗೆಯೂ ಇಲ್ಲ, ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆಯುತ್ತಾನೆ. ‘ಸಿ ಫಾರ್ ಕಾರ್’ ಎಂದರೆ ಮಕ್ಕಳಿಗೆ ಕಾರು ಗೊತ್ತಿಲ್ಲ. ‘ಸಿ ಫಾರ್ ಕೌ’ ಎಂದು ಬದಲಿಸಿಕೊಳ್ಳುತ್ತಾನೆ. ಪರಿಚಿತದಿಂದ ಅಪರಿಚಿತಕ್ಕೆ ಎಂಬ ಬೋಧನಾ ಸೂತ್ರಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗದು. ಹಳ್ಳಿಯನ್ನು ತುಸು ಹೆಚ್ಚೇ ಚಂದ ಮಾಡಿ ತೋರಿಸಿದ್ದಾರೆ ಎಂಬ ದೂರನ್ನು ಒಪ್ಪುತ್ತೇನೆ. ಆದರೆ ದೂರದ ಊರಿಗೆ ಹಾಕಿದಾಗ ಮೊದಲ ದಿನವೇ ವರ್ಗಾವಣೆಯ ಮಾತಾಡುವುದನ್ನು ಕೇಳುತ್ತ ಬೆಳೆದ ನಮ್ಮ ಭಾಗದವರು ಆ ಶಿಕ್ಷಕನನ್ನು ಮಕ್ಕಳ ಕಡೆಯಿಂದ ನೋಡುವ ಅವಕಾಶ ಇದು.

ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997) ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಬಹಳ ಜನ ನೋಡಿರುತ್ತೀರಿ. ಒಂದೇ ಜೊತೆ ಬೂಟನ್ನು ಅಣ್ಣ ತಂಗಿ ಹಂಚಿಕೊಂಡು, ಬೆಳಗಿನ ಪಾಳಿಗೆ ಅವಳು, ಮಧ್ಯಾಹ್ನದ ಪಾಳಿಗೆ ಅವನು ಹಾಕಿಕೊಂಡು ಹೋಗುತ್ತಾರೆ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಮುನ್ನ ಒಮ್ಮೆ ನೋಡಿ. ಹೈಫಾ ಅಲ್ ಮನ್ಸೂರ್ ಅವರ ‘ವಾಜ್ದಾ’ (2012) ಸೈಕಲ್ ಬೇಕೆಂದು ಹಟ ಹಿಡಿದ ಸೌದಿ ಹುಡುಗಿಯ ಕಥೆ. ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಪಡೆದ ನನ್ನ ವಯಸ್ಸಿನ ಹೆಣ್ಣುಮಕ್ಕಳಿಗೆ ಅದರ ರುಚಿ ಬೇರೆಯೇ. ತ್ರೂಫೊನ ‘ದ 400 ಬ್ಲೋಸ್’ (1959) ಮತ್ತು ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ಕಪ್ಪುಬಿಳುಪಿನ ಚಿತ್ರಗಳು. ಮಕ್ಕಳಿಗಿಂತ ನಾವು ನೋಡುವುದು ಮೇಲು.

ಇನ್ನು ತೋರಿಸುವ ವಿಧಾನ. ಇಂಗ್ಲಿಷ್ ಬಾರದ ಹಳ್ಳಿಯವರಿಗೆ ಇಂಥ ಚಿತ್ರ ಹೇಗೆ ಎಂಬ ಅನುಮಾನಕ್ಕೆ ಕರ್ನಾಟಕದಲ್ಲೇ ಉತ್ತರವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟದ ಊರಿನ ಜನಕ್ಕೆ ಜಗತ್ತಿನ ಹೆಸರಾಂತ ಚಿತ್ರಗಳನ್ನು ತೋರಿಸಿತು. ಪುಣೆಯ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಚಿತ್ರ ರಸಗ್ರಹಣ ಶಿಬಿರ ನಡೆಸಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ರೀಲು, ಪ್ರೊಜೆಕ್ಟರ್ ಹೊತ್ತು ತರಬೇಕಾದ ಕಾಲದಲ್ಲಿ ಅವರು ಮಾಡಿದ್ದನ್ನು ಲ್ಯಾಪ್‌ಟಾಪ್ ಇರುವ ನಾವು ಮಾಡಲಾಗದು ಎನ್ನುವಂತಿಲ್ಲ.

ಚಿತ್ರವನ್ನು ನೀವು ಮೊದಲು ಎರಡು ಸಲ ನೋಡಿರಬೇಕು, ಯಾವ ಮಾತು ದಾಟಿಸಲೇಬೇಕು ಎಂದು ಗುರುತು ಮಾಡಿಕೊಂಡಿರಬೇಕು. ಎಲ್ಲ ಅಡಿಬರಹ ಓದಿದರೆ ಮಕ್ಕಳು ಪರದೆ ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ಕೋಣೆಯ ಕಿಟಕಿಗೆ ಚಾದರ ಕಟ್ಟಿದರೆ ಸಾಕು, ಆದರೆ ಸ್ಪೀಕರ್ ಮಾತ್ರ ಬೇಕೇಬೇಕು. ಭಾಷೆ ಗೊತ್ತಿಲ್ಲದಾಗ ದನಿಯ ಏರಿಳಿತವೇ ಅರ್ಧ ಅರ್ಥ. ಕರೆಂಟಿನ ವೇಳಾಪಟ್ಟಿ ಕೇಳಿಟ್ಟುಕೊಳ್ಳಿ. ಕಾನೂನಿನ ಅಳುಕಿರುವವರಿಗೆ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ, ವಿದ್ಯಾಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರಿಗಷ್ಟೇ ಸೀಮಿತವಾಗಿ ಚಿತ್ರ ತೋರಿಸುವುದಕ್ಕೆ ಅವಕಾಶ ಕೊಡುತ್ತದೆ. ಊರಿಗೆಲ್ಲ ಟಿಕೆಟ್ ಇಟ್ಟು ತೋರಿಸುವಂತಿಲ್ಲ. ಪ್ರತಿಯನ್ನು ಸರಿಯಾದ ಮೂಲದಿಂದಲೇ ಪಡೆಯಿರಿ.

ಸಮಯದ ಲೆಕ್ಕ ಹೀಗೆ. ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ ಎರಡು ಅವಧಿ ಸೇರಿಸಿದರೆ ಹೆಚ್ಚುಕಡಿಮೆ ಮುಗಿಯುತ್ತದೆ. ‘ನಾಟ್ ಒನ್ ಲೆಸ್’ ಒಂದು ಮುಕ್ಕಾಲು ಗಂಟೆ, ಶನಿವಾರ ಬೆಳಗಿನ ಶಾಲೆಗೆ ಸರಿ. ಬಿಡಿಸಿ ತೋರಿಸುವುದಾದರೆ ಟಿಕೆಟ್ ದರ ಗೊತ್ತಾಗುವ ಜಾಗದಲ್ಲಿ ನಿಲ್ಲಿಸಿ, ಹಲಗೆಯ ಮೇಲೆ ಲೆಕ್ಕ ಬರೆದು, ಉತ್ತರವನ್ನು ಮರುದಿನ ತರಲು ಹೇಳಿ. ನಮ್ಮ ಕಾಲೇಜಿನಲ್ಲಿ ನಾಟಕ ಮತ್ತು ಕಲೆಯ ಇಪಿಸಿ ಅವಧಿಗಳಲ್ಲಿ ಒಂದನ್ನು ತಿಂಗಳಿಗೊಮ್ಮೆ ಇದಕ್ಕೆ ಕೊಟ್ಟರೆ, ವರ್ಷಕ್ಕೆ ಎಂಟು ಚಿತ್ರಗಳನ್ನು ಎಲ್ಲರೂ ಕೂಡಿ ನೋಡಬಹುದು. ನೋಡಿದ ಮೇಲೆ ವಿಮರ್ಶೆ ಬರೆಸಬೇಡಿ. ಅವಲೋಕನ ನಮೂನೆಯನ್ನೇ ಕೈಗೆ ಕೊಟ್ಟು, ಹಿಂದಿನ ಖಾಲಿ ಪುಟದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಸಿ: ಈ ಚಿತ್ರದ ಮೇಷ್ಟ್ರಿಗೆ ಯಾವ ಮಗುವಿನ ಬಗ್ಗೆ ಏನು ಗೊತ್ತಿರಲಿಲ್ಲ?